ರಸ್ತೆ ಯಾರ ಸ್ವತ್ತು: ಡೆಟ್ರಾಯಿಟ್‌ನ ಮೇಯರ್ ಹೇಜನ್ ಪಿಂಗ್ರಿ ಮತ್ತು ಒಂದು ದಶಕದ ಹೋರಾಟ

ಡೆಟ್ರಾಯಿಟ್ ಎಂದೊಡನೆ ಇಂದು ನಮಗೆ ನೆನಪಾಗುವುದು ಮೋಟಾರು ಕಾರು. ಕಾರುಗಳ ಊರಾಗುವುದಕ್ಕೆ ಮೊದಲು, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಆ ನಗರ ಕಬ್ಬಿಣದ ಒಲೆ, ರೈಲು ಡಬ್ಬಿ, ಬಿತ್ತನೆ ಬೀಜ, ತಂಬಾಕು ಮತ್ತು ಬೂಟುಗಳಿಗೆ ಹೆಸರಾಗಿತ್ತು. 1890ರ ಜನಗಣತಿಯ ಪ್ರಕಾರ ಅದರ ಜನಸಂಖ್ಯೆ 2,05,876. ಜರ್ಮನಿ, ಪೋಲೆಂಡ್, ಐರ್ಲೆಂಡ್ ಮತ್ತು ನೆರೆಯ ಕೆನಡಾದಿಂದ ಬಂದು ನೆಲೆಸಿದವರು, ಅವರ ಮಕ್ಕಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಆ ವರ್ಷದಿಂದ 1897ರವರೆಗೆ ಈ ನಗರದ ಮೇಯರ್ ಆಗಿದ್ದವರು ಹೇಜನ್ ಎಸ್. ಪಿಂಗ್ರಿ ಎಂಬ ಬೂಟು ಕಾರ್ಖಾನೆಯ ಮಾಲೀಕರು. ನಾಲ್ಕು ಬಾರಿ ಮೇಯರ್ ಆಗಿ, ಆನಂತರ ಎರಡು ಬಾರಿ ಮಿಶಿಗನ್ ರಾಜ್ಯದ ಗವರ್ನರ್ (ಅಲ್ಲಿ ಜನರೇ ಆರಿಸುವ, ರಾಜ್ಯ ಸರ್ಕಾರದ ಮುಖ್ಯಸ್ಥ) ಆಗಿ ಅವರು ನಡೆಸಿದ ಜಗಳಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ. ಸಾರ್ವಜನಿಕ ರಸ್ತೆಯ ಮೇಲೆ ಟ್ರಾಂ ಓಡಿಸಿ, ಕೆಳಗೆ ಅನಿಲದ ಕೊಳವೆ ಹೂಳಿ, ಮೇಲೆ ತಂತಿ ಎಳೆದು ಹಣ ಗಳಿಸುವ ಹಕ್ಕನ್ನು ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದೇ ಆ ಪ್ರಶ್ನೆ. ಅದು ಹೊರನೋಟಕ್ಕೆ ಗುಮಾಸ್ತರ ಕಡತಕ್ಕೆ ಸೇರಿದ ವಿಷಯದಂತೆ ಕಂಡರೂ, ನಗರವೊಂದರಲ್ಲಿ ಬಡವನ ದಿನದ ಖರ್ಚು, ಲಂಚದ ಮೂಲ ಮತ್ತು ಪ್ರಜಾಪ್ರಭುತ್ವದ ಮಿತಿ ಮೂರನ್ನೂ ಒಟ್ಟಿಗೆ ತೋರಿಸಿಕೊಡುತ್ತದೆ.

ಅಮೆರಿಕದ ಮೇಯರ್ ಸ್ಥಾನದ ಸ್ವರೂಪವನ್ನು ಮೊದಲೇ ಸ್ವಲ್ಪ ವಿವರಿಸಬೇಕಾಗುತ್ತದೆ. ಪಾಲಿಕೆಯ ಸದಸ್ಯರು ತಮ್ಮೊಳಗಿನ ಒಬ್ಬರನ್ನು ಆರಿಸುವ ಪದ್ಧತಿಗೆ ಒಗ್ಗಿಕೊಂಡಿರುವ ನಮಗೆ ಮೇಯರ್ ಎಂದರೆ ಬಹುಮಟ್ಟಿಗೆ ಗೌರವದ ಸ್ಥಾನ. ಡೆಟ್ರಾಯಿಟ್‌ನ ಮೇಯರ್‌ನನ್ನು ನಗರದ ಮತದಾರರೇ ಎರಡು ವರ್ಷಕ್ಕೊಮ್ಮೆ ನೇರವಾಗಿ ಚುನಾಯಿಸುತ್ತಿದ್ದರು. ನಗರಸಭೆಯ ನಿರ್ಣಯಗಳನ್ನು ತಡೆಹಿಡಿಯುವ ವಿಟೋ ಅಧಿಕಾರ ಆತನಿಗಿತ್ತು. ಹಾಗೆಂದು ಆತ ಸರ್ವಶಕ್ತನೂ ಆಗಿರಲಿಲ್ಲ. ಅಮೆರಿಕದ ನ್ಯಾಯಶಾಸ್ತ್ರದಲ್ಲಿ ನಗರ ಎಂಬುದು ರಾಜ್ಯ ಶಾಸನಸಭೆಯ ಸೃಷ್ಟಿ. ರಾಜ್ಯವು ಸನ್ನದಿನಲ್ಲಿ ಬರೆದುಕೊಟ್ಟಷ್ಟು ಮಾತ್ರ ಅಧಿಕಾರ ಅದಕ್ಕೆ ದಕ್ಕುತ್ತಿತ್ತು. ದೀಪ ಹಚ್ಚುವ ಒಂದು ಸ್ಥಾವರವನ್ನು ನಗರವೇ ಕಟ್ಟಿಕೊಳ್ಳಬೇಕಾದರೂ ರಾಜಧಾನಿ ಲ್ಯಾನ್ಸಿಂಗ್‌ನ ಅನುಮತಿ ಬೇಕಿತ್ತು. ಪಿಂಗ್ರಿಯವರ ವೃತ್ತಿಜೀವನದ ಮುಂದಿನ ತಿರುವುಗಳಿಗೆಲ್ಲ ಕಾರಣ ಈ ವ್ಯವಸ್ಥೆಯಲ್ಲಿದೆ.

ಪಿಂಗ್ರಿ ಹುಟ್ಟಿದ್ದು 1840ರ ಆಗಸ್ಟ್ 30ರಂದು, ಮೇಯ್ನ್ ರಾಜ್ಯದ ಡೆನ್ಮಾರ್ಕ್ ಎಂಬ ಹಳ್ಳಿಯಲ್ಲಿ. ಹದಿನಾಲ್ಕರ ವಯಸ್ಸಿಗೆ ಮನೆ ಬಿಟ್ಟು ಸ್ಯಾಕೊ ಪಟ್ಟಣದ ಹತ್ತಿ ಗಿರಣಿಗೆ ಸೇರಿದರು. ಬಳಿಕ ಮ್ಯಾಸಚುಸೆಟ್ಸ್‌ನ ಹಾಪ್‌ಕಿಂಟನ್‌ನಲ್ಲಿ ಬೂಟಿನ ಚರ್ಮ ಕತ್ತರಿಸುವ ಕೆಲಸ ಕಲಿತರು. 1862ರಲ್ಲಿ, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ನಡುವೆ, ಆ ರಾಜ್ಯದ ಫಿರಂಗಿ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದ ಅವರು 1864ರ ಮೇ ತಿಂಗಳಲ್ಲಿ ದಕ್ಷಿಣದವರ ಕೈಗೆ ಸಿಕ್ಕಿಬಿದ್ದು ಆ್ಯಂಡರ್ಸನ್‌ವಿಲ್ ಸೆರೆಶಿಬಿರ ಸೇರಿದರು. ಅಲ್ಲಿ ಕೂಡಿಹಾಕಿದ್ದ ಸುಮಾರು 45,000 ಸೈನಿಕರಲ್ಲಿ 13,000ದಷ್ಟು ಮಂದಿ ಹಸಿವು, ಭೇದಿ, ರಕ್ತಪಿತ್ತದಿಂದ ಸತ್ತರು. ಪಿಂಗ್ರಿ ಬದುಕುಳಿದರು. ಮಿಲನ್ ಎಂಬ ಇನ್ನೊಂದು ಶಿಬಿರದಲ್ಲಿ ಕೈದಿಗಳ ವಿನಿಮಯಕ್ಕಾಗಿ ಹಾಜರಿ ಕೂಗುತ್ತಿದ್ದಾಗ ಬೇರೊಬ್ಬನ ಹೆಸರಿಗೆ ಓಗೊಟ್ಟು ಹೊರಬಂದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮರಳಿ ತಮ್ಮ ದಳ ಸೇರಿ ಯುದ್ಧ ಮುಗಿಯುವವರೆಗೂ ಅಲ್ಲಿಯೇ ಇದ್ದರು.

ಸೆರೆಯಲ್ಲಿ ಜೊತೆಗಿದ್ದ ಮಿಶಿಗನ್ ಸೈನಿಕರಿಂದ ಕೇಳಿದ್ದ ಊರು ಡೆಟ್ರಾಯಿಟ್. ಯುದ್ಧ ಮುಗಿದ ಮೇಲೆ ಅಲ್ಲಿಗೆ ಬಂದು ಬೂಟು ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. 1866ರ ಕೊನೆಯಲ್ಲಿ ಚಾರ್ಲ್ಸ್ ಎಚ್. ಸ್ಮಿತ್ ಎಂಬವರ ಜೊತೆ ಪಾಲುದಾರಿಕೆಯಲ್ಲಿ ಒಂದು ಸಣ್ಣ ಕಾರ್ಖಾನೆಯನ್ನು ಕೊಂಡರು. ಇಪ್ಪತ್ತು ವರ್ಷಗಳಲ್ಲಿ ‘ಪಿಂಗ್ರಿ ಆ್ಯಂಡ್ ಸ್ಮಿತ್’ ಸುಮಾರು 700 ಕೆಲಸಗಾರರನ್ನು ಇಟ್ಟುಕೊಂಡ, ವರ್ಷಕ್ಕೆ ಹತ್ತು ಲಕ್ಷ ಡಾಲರ್ ವಹಿವಾಟು ಮಾಡುವ ಕಂಪನಿಯಾಗಿತ್ತು. 1887ರಲ್ಲಿ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಮತ್ತೆ ಕಟ್ಟಿದರು. ಚರ್ಮ ಕತ್ತರಿಸಿ ಬೆಳೆದ ಈ ಮಾಲೀಕರಿಗೆ ಒಂದು ಬೂಟಿಗೆ ನಿಜವಾಗಿ ಎಷ್ಟು ಖರ್ಚು ತಗಲುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು. ಇದೇ ಲೆಕ್ಕವನ್ನು ಅವರು ಮುಂದೆ ಟ್ರಾಂ ಟಿಕೆಟ್ಟಿಗೂ ಬೀದಿದೀಪಕ್ಕೂ ಅನ್ವಯಿಸಿದರು.

1889ರಲ್ಲಿ ರಿಪಬ್ಲಿಕನ್ ಪಕ್ಷದ ಶ್ರೀಮಂತ ವರ್ತಕರು ನಗರಸಭೆಯನ್ನು ಡೆಮಾಕ್ರಟಿಕ್ ಪಕ್ಷದ ಹಿಡಿತದಿಂದ ಬಿಡಿಸಲು ಅಭ್ಯರ್ಥಿಯನ್ನು ಹುಡುಕುತ್ತಿದ್ದರು. ಅವರ ದೃಷ್ಟಿಯಲ್ಲಿ ಸುಧಾರಣೆ ಎಂದರೆ ಕಡಿಮೆ ತೆರಿಗೆ, ಅಚ್ಚುಕಟ್ಟಾದ ಲೆಕ್ಕ, ಕಳ್ಳರಿಲ್ಲದ ಕಚೇರಿ. ರಾಜಕೀಯ ತಮಗೆ ತಿಳಿಯದು, ಬೂಟು ಮಾಡುವುದಕ್ಕೇ ಪುರುಸೊತ್ತಿಲ್ಲ ಎಂದು ಪಿಂಗ್ರಿ ಹಿಂಜರಿದರೂ ಕೊನೆಗೆ ಒಪ್ಪಿದರು. ಒಪ್ಪಿದ ಮೇಲೆ ಅವರು ಪಕ್ಷದ ಗಣ್ಯರು ಕಾಲಿಡದ ಕೇರಿಗಳಿಗೆ ಹೋದರು; ಪೋಲಿಷರ, ಜರ್ಮನರ, ಐರಿಷರ ನಡುವೆ ನಿಂತು ಮತ ಕೇಳಿದರು. ಅಧಿಕಾರದಲ್ಲಿದ್ದ ಜಾನ್ ಪ್ರಿಜನ್ ಅವರನ್ನು ಸೋಲಿಸಿ ಗೆದ್ದರು. ಗೆಲ್ಲಿಸಿದ ವರ್ತಕರಿಗೆ ಆಗ ತಾವು ಯಾರನ್ನು ಗೆಲ್ಲಿಸಿದ್ದೇವೆ ಎಂಬುದು ತಿಳಿದಿರಲಿಲ್ಲ. ಸ್ವತಃ ಪಿಂಗ್ರಿಯವರಿಗೂ ತಿಳಿದಿರಲಾರದು ಎಂದು ನನ್ನ ಅನಿಸಿಕೆ, ಏಕೆಂದರೆ ಅವರ ಮೊದಲ ವರ್ಷದ ಕೆಲಸಗಳೆಲ್ಲ ಆ ವರ್ತಕರು ಬಯಸಿದಂಥವೇ.

ಮೊದಲು ಕೈಗೆತ್ತಿಕೊಂಡದ್ದು ರಸ್ತೆ. ಡೆಟ್ರಾಯಿಟ್‌ನ ಬಹುತೇಕ ಬೀದಿಗಳಿಗೆ ಸೀಡರ್ ಮರದ ತುಂಡುಗಳನ್ನು ನಿಲ್ಲಿಸಿ ಹಾಸಿದ್ದರು. ಮಳೆಗೆ ಅವು ನೆನೆದು ಕೊಳೆಯುತ್ತಿದ್ದವು, ಗಾಡಿಯ ಚಕ್ರಕ್ಕೆ ಕುಸಿಯುತ್ತಿದ್ದವು. ಕೆಲವೇ ಗುತ್ತಿಗೆದಾರರು ತಮ್ಮೊಳಗೆ ಮಾತಾಡಿಕೊಂಡು ಟೆಂಡರ್ ಹಾಕುತ್ತಿದ್ದುದರಿಂದ ಬೆಲೆ ಮಾತ್ರ ಎಂದೂ ಇಳಿಯುತ್ತಿರಲಿಲ್ಲ. ಪಿಂಗ್ರಿ ಕೆಲಸದ ನಿಯಮಗಳನ್ನು ಬಿಗಿಗೊಳಿಸಿ, ಕಾಂಕ್ರೀಟಿನ ಅಡಿಪಾಯ ಕಡ್ಡಾಯವೆಂದು ಪಟ್ಟುಹಿಡಿದು, ಡಾಂಬರು ಮತ್ತು ಇಟ್ಟಿಗೆಯ ರಸ್ತೆಗಳನ್ನು ಮಾಡಿಸಿದರು. ಒಳಚರಂಡಿ ಗುತ್ತಿಗೆಯಲ್ಲೂ ಇದೇ ಕೂಟಗಳನ್ನು ಒಡೆದರು. 1890ರ ದಶಕದ ಮಧ್ಯಕ್ಕೆ ಬರುವಾಗ ಡೆಟ್ರಾಯಿಟ್‌ನ ರಸ್ತೆಗಳು ಅಮೆರಿಕದ ಒಳ್ಳೆಯ ರಸ್ತೆಗಳ ಸಾಲಿಗೆ ಸೇರಿದ್ದವು. ಅಲ್ಲಿಯವರೆಗೂ ಮೇಯರ್‌ಗೆ ಚಪ್ಪಾಳೆ ತಟ್ಟಿದ ಗಣ್ಯರು, ಆ ರಸ್ತೆಗಳ ಮೇಲೆ ಓಡುತ್ತಿದ್ದ ಟ್ರಾಂಗಳತ್ತ ಪಿಂಗ್ರಿಯವರ ದೃಷ್ಟಿ ಹರಿದಾಗ ಚಪ್ಪಾಳೆ ನಿಲ್ಲಿಸಿದರು.

ಅಮೆರಿಕದ ನಗರಗಳಲ್ಲಿ ಟ್ರಾಂ, ಅನಿಲ, ವಿದ್ಯುತ್, ಟೆಲಿಫೋನ್ ಸೇವೆಗಳನ್ನು ಹೆಚ್ಚಾಗಿ ಖಾಸಗಿ ಕಂಪನಿಗಳೇ ನಡೆಸುತ್ತಿದ್ದವು. ಸಾರ್ವಜನಿಕ ರಸ್ತೆಯನ್ನು ಬಳಸದೆ ಇವುಗಳಲ್ಲಿ ಯಾವುದನ್ನೂ ನಡೆಸುವಂತಿರಲಿಲ್ಲವಾದ್ದರಿಂದ ನಗರಸಭೆಯ ಪರವಾನಗಿ ಬೇಕಾಗುತ್ತಿತ್ತು. ಫ್ರಾಂಚೈಸಿ ಎಂದು ಕರೆಯುತ್ತಿದ್ದ ಈ ಪರವಾನಗಿಯಲ್ಲಿ ಅವಧಿ, ಮಾರ್ಗ, ಗರಿಷ್ಠ ದರ ಎಲ್ಲವೂ ನಮೂದಾಗಿರುತ್ತಿತ್ತು. ಊರ ಕೆರೆಯ ಮೀನು ಹಿಡಿಯುವ ಹಕ್ಕನ್ನು ವರ್ಷವರ್ಷವೂ ಹರಾಜು ಹಾಕದೆ, ಒಬ್ಬನಿಗೇ ಮೂವತ್ತು ವರ್ಷಕ್ಕೆ ಬರೆದುಕೊಟ್ಟರೆ ಏನಾದೀತೋ ಅದೇ ಅಲ್ಲಿ ಆಗುತ್ತಿತ್ತು. ಒಂದೇ ಬೀದಿಯಲ್ಲಿ ಹತ್ತು ಕಂಪನಿಗಳು ಹಳಿ ಹಾಕಲಾಗದು. ಆದ್ದರಿಂದ ಪರವಾನಗಿ ಸಿಕ್ಕ ಕಂಪನಿಗೆ ಪೈಪೋಟಿಯ ಭಯವಿಲ್ಲ, ದರ ಇಳಿಸುವ ಅಗತ್ಯವಿಲ್ಲ; ಮುಂದಿನ ಮೂವತ್ತು ವರ್ಷಗಳ ಲಾಭ ಖಾತ್ರಿಯಾಗಿರುವುದರಿಂದ ಆ ಕಾಗದವೇ ಷೇರುಪೇಟೆಯಲ್ಲಿ ಲಕ್ಷಾಂತರ ಡಾಲರ್ ಬೆಲೆಬಾಳುವ ಆಸ್ತಿಯಾಗುತ್ತಿತ್ತು. ಅಷ್ಟು ಬೆಲೆಬಾಳುವುದನ್ನು ಕೊಡುವ ಅಧಿಕಾರ ಅಲ್ಪ ಸಂಬಳದ ಕೆಲವು ಸದಸ್ಯರ ಕೈಯಲ್ಲಿತ್ತು. ಲಂಚಕ್ಕೆ ಇದಕ್ಕಿಂತ ಫಲವತ್ತಾದ ನೆಲ ಬೇರೆ ಬೇಕಿಲ್ಲ. ನಗರವನ್ನು ಕೆಡಿಸುತ್ತಿರುವವರು ಸಾರಾಯಿ ಅಂಗಡಿಯ ಪುಡಿ ರಾಜಕಾರಣಿಗಳು ಎಂದು ಗಣ್ಯರು ಹೇಳುತ್ತಿದ್ದರು. ಆ ಪುಡಿ ರಾಜಕಾರಣಿಗೆ ಹಣ ತಲಪಿಸುವವರು ತಮ್ಮ ಜೊತೆ ಊಟಕ್ಕೆ ಕೂರುವ ಗಣ್ಯರೇ ಎಂಬುದನ್ನು ಪಿಂಗ್ರಿ ಮೇಯರ್ ಕುರ್ಚಿಯಲ್ಲಿ ಕುಳಿತ ಮೇಲೆ ಕಂಡರು. ಅವರ ಬದುಕಿನ ದೊಡ್ಡ ತಿಳಿವು ಇದು ಎಂದು ನಾನು ಭಾವಿಸುತ್ತೇನೆ. ಒಬ್ಬ ಕಳ್ಳನ ಬದಲು ಒಬ್ಬ ಪ್ರಾಮಾಣಿಕನನ್ನು ಕೂರಿಸುವುದರಿಂದ ತೀರುವ ಸಮಸ್ಯೆ ಅದಾಗಿರಲಿಲ್ಲ, ಏಕೆಂದರೆ ಕಳ್ಳತನ ಆ ಕಾಗದದ ಬೆಲೆಯಲ್ಲೇ ಅಡಗಿತ್ತು.

ಡೆಟ್ರಾಯಿಟ್‌ನ ಟ್ರಾಂ ಕಂಪನಿಗೆ 1863ರಲ್ಲಿ ಮೂವತ್ತು ವರ್ಷಗಳ ಹಕ್ಕು ದೊರೆತಿತ್ತು. ಅದು 1893ರಲ್ಲಿ ಮುಗಿಯಬೇಕಿತ್ತು. ಆದರೆ 1879ರಲ್ಲಿಯೇ ನಗರಸಭೆ ಆ ಹಕ್ಕನ್ನು 1909ರವರೆಗೆ ವಿಸ್ತರಿಸಿಬಿಟ್ಟಿತ್ತು. ಹೀಗೆ ನಿಶ್ಚಿಂತವಾಗಿದ್ದ ಕಂಪನಿ ಇತರ ನಗರಗಳು ವಿದ್ಯುತ್ ಟ್ರಾಂಗೆ ಬದಲಾಗುತ್ತಿದ್ದಾಗಲೂ ಕುದುರೆ ಟ್ರಾಂಗಳನ್ನೇ ಓಡಿಸುತ್ತಿತ್ತು. 1891ರ ಏಪ್ರಿಲ್‌ನಲ್ಲಿ, ಸಂಘ ಕಟ್ಟಿದ್ದಕ್ಕಾಗಿ ಕೆಲಸಗಾರರನ್ನು ತೆಗೆದುಹಾಕಿದಾಗ ಮುಷ್ಕರ ಎದ್ದಿತು. ಜನ ಟ್ರಾಂಗಳನ್ನು ಉರುಳಿಸಿದರು, ಹಳಿ ಕಿತ್ತರು. ಕಂಪನಿಯ ಮೇಲಿನ ಸಿಟ್ಟು ಎಷ್ಟಿತ್ತೆಂದರೆ ಸ್ಥಿತಿವಂತರೂ ಮುಷ್ಕರದ ಪರ ಮಾತಾಡಿದರು. ರಾಜ್ಯದ ಸೈನಿಕ ದಳವನ್ನು ಕರೆಸಬೇಕೆಂದು ಕಂಪನಿ ಕೇಳಿತು. ಆ ಕಾಲದ ಅಮೆರಿಕದಲ್ಲಿ ಮುಷ್ಕರಕ್ಕೆ ಬಂದೂಕಿನ ಉತ್ತರ ಕೊಡುವುದು ಸಾಮಾನ್ಯವಾಗಿತ್ತು. ಪಿಂಗ್ರಿ ಸೈನ್ಯ ಕರೆಸಲು ನಿರಾಕರಿಸಿ, ವಿವಾದವನ್ನು ಪಂಚಾಯಿತಿಗೆ ಒಪ್ಪಿಸಿ ಎಂದರು. ತಮ್ಮ ಕಾರ್ಖಾನೆಯಲ್ಲೂ ಅವರು ಕಾರ್ಮಿಕ ಸಂಘದೊಡನೆ ವ್ಯವಹರಿಸಿದ್ದವರು. ಕಂಪನಿ ಮಣಿಯಿತು.

ಅಲ್ಲಿಂದ ಮುಂದೆ ಅವರು ಆ 1879ರ ವಿಸ್ತರಣೆಯನ್ನೇ ಪ್ರಶ್ನಿಸಿದರು. ಅವರ ವಾದ ಸರಳವಾಗಿತ್ತು: ಕಂಪನಿಯ ಸ್ವಂತ ಆಯುಸ್ಸೇ ಮೂವತ್ತು ವರ್ಷ ಎಂದಿರುವಾಗ, ಅದು ಇಲ್ಲವಾದ ಮೇಲಿನ ಕಾಲಕ್ಕೂ ಹಕ್ಕು ಕೊಡಲು ನಗರಸಭೆಗೆ ಅಧಿಕಾರ ಎಲ್ಲಿಂದ ಬಂತು? 1893ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ನಗರದ ಪರ ತೀರ್ಪು ಬಂತು. ತೀರ್ಪು ಕೊಟ್ಟವರು ಮುಂದೆ ಅಮೆರಿಕದ ಅಧ್ಯಕ್ಷರಾದ ವಿಲಿಯಂ ಹೊವಾರ್ಡ್ ಟಾಫ್ಟ್. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ಕಂಪನಿಯ ಪರ ನಿಂತಿತು. ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೆ ಪಿಂಗ್ರಿ ಇನ್ನೊಂದು ದಾರಿ ಹಿಡಿದರು. ಬೇರೊಂದು ಕಂಪನಿಗೆ ಬೇರೆ ಬೀದಿಗಳಲ್ಲಿ ಹಳಿ ಹಾಕಲು ಅನುಮತಿ ಕೊಡಿಸಿ, ಸಾಮಾನ್ಯ ದರ ಐದು ಸೆಂಟ್ ಇದ್ದ ಊರಿನಲ್ಲಿ ಕಾಲು ಡಾಲರಿಗೆ ಎಂಟು ಟಿಕೆಟ್, ಎಂದರೆ ಸವಾರಿಗೆ ಸುಮಾರು ಮೂರು ಸೆಂಟ್ ಎಂಬ ಷರತ್ತು ಹಾಕಿದರು. 1895ರಲ್ಲಿ ಆ ವಿದ್ಯುತ್ ಟ್ರಾಂಗಳು ಓಡತೊಡಗಿದವು. ದಿನವೂ ಹೋಗಿಬರುವ ಕೂಲಿಯವನಿಗೆ ದಿನಕ್ಕೆ ಸುಮಾರು ನಾಲ್ಕು ಸೆಂಟ್ ಉಳಿತಾಯ, ವಾರದ ಆರು ದಿನಕ್ಕೆ ಇಪ್ಪತ್ತೆರಡೂವರೆ ಸೆಂಟ್.

ಹಳೆಯ ಕಂಪನಿಯನ್ನು ಆ ಹೊತ್ತಿಗೆ ನಡೆಸುತ್ತಿದ್ದವರು ಟಾಮ್ ಎಲ್. ಜಾನ್ಸನ್ ಎಂಬ ಚತುರ ಉದ್ಯಮಿ. ಮೂರು ಸೆಂಟಿನ ದರದಲ್ಲಿ ಟ್ರಾಂ ನಡೆಸಲಾಗದು ಎಂಬುದು ಅವರ ಕಡೆಯ ವಾದ. ಆದರೆ ಪಿಂಗ್ರಿಯವರೊಡನೆ ನಡೆಸಿದ ಆ ಜಗಳದಲ್ಲೇ ಅವರು ಪಾಠ ಕಲಿತರು. ಇದೇ ಜಾನ್ಸನ್ 1901ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಮೇಯರ್ ಆದಾಗ ಅವರ ಘೋಷಣೆಯೇ ಮೂರು ಸೆಂಟಿನ ಟ್ರಾಂ. ಎದುರಾಳಿಯ ಅನುಭವದಿಂದ ಸುಧಾರಕನೊಬ್ಬ ಹುಟ್ಟಿದ ಇಂಥ ಸಂಗತಿ ನಗರಗಳ ಚರಿತ್ರೆಯಲ್ಲಿ ಅಪರೂಪ. ಡೆಟ್ರಾಯಿಟ್‌ನಲ್ಲಿ ಮಾತ್ರ ಪೈಪೋಟಿ ಬಹುಕಾಲ ಬಾಳಲಿಲ್ಲ. ಕಂಪನಿಗಳು ಒಂದನ್ನೊಂದು ಕೊಂಡುಕೊಂಡು, ಶತಮಾನ ಮುಗಿಯುವ ಹೊತ್ತಿಗೆ ಡೆಟ್ರಾಯಿಟ್ ಯುನೈಟೆಡ್ ರೈಲ್ವೆ ಎಂಬ ಒಂದೇ ಸಂಸ್ಥೆಯಡಿ ಸೇರಿಕೊಂಡವು. ಪ್ರತಿಸ್ಪರ್ಧಿಯನ್ನು ಕರೆತಂದು ಏಕಸ್ವಾಮ್ಯವನ್ನು ಮುರಿಯುವ ಉಪಾಯ ಸಾಲದು, ನಗರವೇ ಒಡೆಯನಾಗಬೇಕು ಎಂಬ ನಿಲುವಿಗೆ ಪಿಂಗ್ರಿ ಬಂದದ್ದು ಹೀಗೆ.

ಬೀದಿದೀಪದಲ್ಲಿ ಆ ನಿಲುವು ಫಲಿಸಿತು. ಡೆಟ್ರಾಯಿಟ್‌ನ ಬೀದಿಗಳಿಗೆ ನೂರು ಅಡಿಗೂ ಎತ್ತರದ ಕಬ್ಬಿಣದ ಗೋಪುರಗಳ ತುದಿಯಲ್ಲಿ ಉರಿಯುವ ಆರ್ಕ್ ದೀಪಗಳಿಂದ ಬೆಳಕು ಬೀಳುತ್ತಿತ್ತು. ಖಾಸಗಿ ಕಂಪನಿ ಅದಕ್ಕೆ ದುಬಾರಿ ಬಾಡಿಗೆ ವಸೂಲು ಮಾಡುತ್ತಿತ್ತು. ಪಿಂಗ್ರಿ ಇತರ ನಗರಗಳ ಖರ್ಚಿನ ಲೆಕ್ಕ ತರಿಸಿ, ಪ್ರಕಟಿಸಿ, ರಾಜ್ಯದ ಅನುಮತಿ ಪಡೆದು, 1893ರಲ್ಲಿ ಮತದಾರರ ಮುಂದಿಟ್ಟರು. ಭಾರಿ ಬಹುಮತದಿಂದ ಜನ ಒಪ್ಪಿದರು. 1895ರಲ್ಲಿ ನಗರದ ಸ್ವಂತ ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು, ಮತ್ತು ಬೀದಿದೀಪದ ಖರ್ಚು ಇಳಿಯಿತು. ಅನಿಲದ ದರ ಇಳಿಸುವಂತೆ ಕಂಪನಿಯ ಮೇಲೆ ಒತ್ತಡ ತಂದರು, ಟೆಲಿಫೋನಿಗೆ ಪ್ರತಿಸ್ಪರ್ಧಿ ಕಂಪನಿಯನ್ನು ಪ್ರೋತ್ಸಾಹಿಸಿದರು, ನಗರದೊಳಗೆ ಉಳಿದುಕೊಂಡಿದ್ದ ಖಾಸಗಿ ಸುಂಕದ ರಸ್ತೆಗಳ ಗೇಟುಗಳನ್ನು ತೆಗೆಸಿದರು. ಶಾಲಾ ಮಂಡಳಿಯ ಖರೀದಿಯಲ್ಲಿ ಲಂಚ ನಡೆಯುತ್ತಿದೆ ಎಂದು ಸಾಕ್ಷ್ಯ ಸಿಕ್ಕಾಗ, 1894ರಲ್ಲಿ ಅವರು ಪೊಲೀಸರ ಸಮೇತ ಮಂಡಳಿಯ ಸಭೆಗೇ ಬಂದರು. ತಪ್ಪಿತಸ್ಥರು ರಾಜೀನಾಮೆ ಕೊಡಲಿ ಎಂದು ಕೇಳಿ, ಯಾರೂ ಏಳದಿದ್ದಾಗ, ನಾಲ್ವರು ಸದಸ್ಯರನ್ನು ಸಭೆಯಲ್ಲೇ ಬಂಧಿಸಿ ಕರೆದೊಯ್ಯಿಸಿದರು.

ಇದಕ್ಕೆಲ್ಲ ಬೆಲೆ ತೆರಬೇಕಾಯಿತು. ಹಳೆಯ ಸ್ನೇಹಿತರು ಮಾತು ಬಿಟ್ಟರು, ಬ್ಯಾಂಕೊಂದರ ನಿರ್ದೇಶಕ ಸ್ಥಾನ ಹೋಯಿತು. ಮಿಶಿಗನ್‌ನ ರಿಪಬ್ಲಿಕನ್ ಪಕ್ಷವನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಸೆನೆಟರ್ ಜೇಮ್ಸ್ ಮ್ಯಾಕ್‌ಮಿಲನ್, ರೈಲು ಡಬ್ಬಿ ತಯಾರಿಕೆಯಿಂದ ಹಡಗು ಸಾಗಣೆಯವರೆಗೆ ಹಲವು ಉದ್ಯಮಗಳ ಒಡೆಯರಾಗಿದ್ದವರು, ಕಡು ವಿರೋಧಿಯಾದರು. ಪತ್ರಿಕೆಗಳು ತಮ್ಮ ಮಾತನ್ನು ಸರಿಯಾಗಿ ಅಚ್ಚು ಹಾಕುತ್ತಿಲ್ಲವೆಂದು ಕಂಡಾಗ ಪಿಂಗ್ರಿ ನಗರಸಭಾ ಭವನದಲ್ಲಿ ಸೂಚನಾ ಫಲಕ ಹಾಕಿ, ತಮ್ಮ ಹೇಳಿಕೆಗಳನ್ನು ಅಲ್ಲಿ ಅಂಟಿಸತೊಡಗಿದರು. ಜನ ಬಂದು ನಿಂತು ಓದಿದರು. 1891, 1893, 1895ರ ಚುನಾವಣೆಗಳಲ್ಲಿ ಮತ್ತೆ ಮತ್ತೆ ಗೆಲ್ಲಿಸಿದರು.

1893ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು, ರೈಲ್ವೆ ಕಂಪನಿಗಳು ಕುಸಿದು ಭೀಕರ ಆರ್ಥಿಕ ಬಿಕ್ಕಟ್ಟು ತಲೆದೋರಿತು. ಡೆಟ್ರಾಯಿಟ್‌ನ ಒಲೆ ಕಾರ್ಖಾನೆಗಳೂ ರೈಲು ಡಬ್ಬಿಯ ಕಾರ್ಖಾನೆಗಳೂ ಸಾವಿರಾರು ಜನರನ್ನು ಮನೆಗೆ ಕಳಿಸಿದವು. ನಿರುದ್ಯೋಗ ಭತ್ಯೆಯಾಗಲಿ ಪಡಿತರವಾಗಲಿ ಇಲ್ಲದ ಕಾಲ. ನಗರದ ಬಡವರ ಪರಿಹಾರ ನಿಧಿ ಬರಿದಾಗುತ್ತ ಬಂತು. ಹೆಚ್ಚಾಗಿ ಏಟು ತಿಂದವರು ಹೊಸದಾಗಿ ಬಂದ ಪೋಲಿಷರು ಮತ್ತು ಜರ್ಮನರು; ಅವರಲ್ಲಿ ಅನೇಕರು ಹುಟ್ಟೂರಿನಲ್ಲಿ ಹೊಲ ಉತ್ತವರು. ಇನ್ನೊಂದು ಕಡೆ, ನಗರದ ಅಂಚಿನಲ್ಲಿ ಮುಂದೆ ಬೆಲೆ ಬಂದೀತೆಂದು ಕೊಂಡು ಹಾಗೆಯೇ ಬಿಟ್ಟಿದ್ದ ನಿವೇಶನಗಳು ಸಾವಿರಾರು ಎಕರೆಯಷ್ಟು ಖಾಲಿ ಬಿದ್ದಿದ್ದವು. 1894ರ ಬೇಸಿಗೆಯ ಹೊಸ್ತಿಲಲ್ಲಿ ಪಿಂಗ್ರಿ ಈ ಎರಡನ್ನೂ ಜೋಡಿಸಿದರು: ಮಾಲೀಕರು ಆ ವರ್ಷಕ್ಕೆ ಜಮೀನನ್ನು ಬಿಟ್ಟುಕೊಡಲಿ, ನಗರ ಉಳುಮೆ ಮಾಡಿಸಿ ಬೀಜ ಕೊಡಲಿ, ಕೆಲಸವಿಲ್ಲದವರು ಬೆಳೆದುಕೊಳ್ಳಲಿ.

ಯೋಜನೆಯನ್ನು ನಡೆಸಲು ಸೇನೆಯ ಅಧಿಕಾರಿ ಕ್ಯಾಪ್ಟನ್ ಕಾರ್ನೀಲಿಯಸ್ ಗಾರ್ಡನರ್ ಅವರ ಮುಂದಾಳ್ತನದಲ್ಲಿ ಸಮಿತಿಯೊಂದು ಕೂಡಿತು. ದುಡ್ಡಿಗಾಗಿ ಇಗರ್ಜಿಗಳನ್ನು ಕೇಳಿದಾಗ ಒಟ್ಟು ಬಂದದ್ದು 13 ಡಾಲರ್ 80 ಸೆಂಟ್. ಆಗ ಪಿಂಗ್ರಿ ತಮ್ಮ ಅಚ್ಚುಮೆಚ್ಚಿನ ಕುದುರೆಯನ್ನೇ ಹರಾಜಿಗಿಟ್ಟು ಹಣ ಕೂಡಿಸಿದರು. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದು ನಕ್ಕವು. ‘ಆಲೂಗಡ್ಡೆ ಮಡಿಯ ಪಿಂಗ್ರಿ’ ಎಂಬ ಅಡ್ಡಹೆಸರು ಅಂಟಿತು. ಬಡವರು ಬಿತ್ತನೆ ಗೆಡ್ಡೆಯನ್ನೇ ಬೇಯಿಸಿ ತಿಂದಾರು, ಇಲ್ಲವೇ ಒಬ್ಬರ ಬೆಳೆಯನ್ನು ಇನ್ನೊಬ್ಬರು ಕದ್ದಾರು ಎಂದು ಹಲವರು ಹೇಳಿದರು. ಸುಮಾರು 3,000 ಅರ್ಜಿಗಳು ಬಂದವು. ಹಣ ಮತ್ತು ಸಮಯ ಸಾಲದೆ ಮೊದಲ ವರ್ಷ 430 ಎಕರೆಯಷ್ಟನ್ನು 945 ಕುಟುಂಬಗಳಿಗೆ ಹಂಚಿದರು. ಕಾಲೆಕರೆಯಿಂದ ಅರ್ಧ ಎಕರೆಯವರೆಗೆ ಒಂದೊಂದು ಮಡಿ. ಆಲೂಗಡ್ಡೆಯ ಜೊತೆಗೆ ಹುರುಳಿಕಾಯಿ, ಟರ್ನಿಪ್, ಎಲೆಕೋಸು, ಮೆಕ್ಕೆಜೋಳಗಳನ್ನೂ ಹಾಕಿದರು. ನಾಟಿ ತಡವಾಗಿಯೇ ಆಗಿತ್ತು. ಆದರೂ ಸುಮಾರು 3,600 ಡಾಲರ್ ಖರ್ಚಿಗೆ 12,000 ಡಾಲರಿಗೂ ಮೀರಿದ ಬೆಳೆ ಬಂತು. ಒಂದು ಕುಟುಂಬಕ್ಕೆ ನಗರ ಮಾಡಿದ ವೆಚ್ಚ ನಾಲ್ಕು ಡಾಲರಿಗಿಂತ ಕಡಿಮೆ. ಚಳಿಗಾಲಕ್ಕೆ ನೆಲಮಾಳಿಗೆಯಲ್ಲಿ ಇಟ್ಟುಕೊಳ್ಳುವಷ್ಟು ಗೆಡ್ಡೆ ಅವರ ಕೈಸೇರಿತು.

ಮುಂದಿನ ವರ್ಷಗಳಲ್ಲಿ ಕುಟುಂಬಗಳ ಸಂಖ್ಯೆ ಬೆಳೆಯಿತು. ನ್ಯೂಯಾರ್ಕ್, ಬಫಲೊ, ಬಾಸ್ಟನ್, ಷಿಕಾಗೊ ಮೊದಲಾದ ನಗರಗಳು ಇದೇ ಮಾದರಿಯನ್ನು ಬೇರೆ ಬೇರೆ ರೀತಿಯಲ್ಲಿ ಪ್ರಯೋಗಿಸಿದವು. ಈ ಯೋಜನೆಯನ್ನು ದಾನಧರ್ಮದ ಒಂದು ಮೆಚ್ಚುಗೆಯ ಕಥೆಯಾಗಿ ಹೇಳಿ ಮುಗಿಸುವುದು ವಾಡಿಕೆ. ನನಗೆ ಅದರಲ್ಲಿ ಕಾಣುವುದು ಟ್ರಾಂ ಜಗಳದ್ದೇ ವಿಚಾರ. ಬಡತನ ಬಡವನ ಗುಣದೋಷದಿಂದ ಬರುತ್ತದೆ ಎಂದು ಅಂದಿನ ದಾನಸಂಸ್ಥೆಗಳು ನಂಬಿದ್ದವು. ಕೈಗೆ ಹಣ ಕೊಟ್ಟರೆ ಸೋಮಾರಿಯಾಗುತ್ತಾನೆ ಎಂದು ಹೆದರುತ್ತಿದ್ದವು. ನೆಲವೂ ಬೀಜವೂ ಸಿಕ್ಕೊಡನೆ ಆ ‘ಸೋಮಾರಿಗಳು’ ದುಡಿದು ಬೆಳೆದು ತೋರಿಸಿದಾಗ ಆ ನಂಬಿಕೆ ಬಹಿರಂಗವಾಗಿ ಬಿದ್ದುಹೋಯಿತು. ಕೊರತೆ ಇದ್ದದ್ದು ಅವಕಾಶದ್ದು. ಆ ಅವಕಾಶ ಬೇಲಿಯಾಚೆ ಖಾಲಿ ಬಿದ್ದಿತ್ತು.

ಖಾಲಿ ಜಮೀನಿನ ವಿಷಯ ಸಹಜವಾಗಿಯೇ ತೆರಿಗೆಗೆ ಕರೆದೊಯ್ಯಿತು. ಕೂಲಿಯವನ ಸಣ್ಣ ಮನೆಗೆ ಪೂರ್ತಿ ಬೆಲೆಯ ಮೇಲೆ ತೆರಿಗೆ ಬೀಳುತ್ತಿದ್ದರೆ, ದೊಡ್ಡ ಕಾರ್ಖಾನೆಗಳ ಹಾಗೂ ಹೂಡಿಕೆಯ ಜಮೀನುಗಳ ಮೌಲ್ಯವನ್ನು ತೀರಾ ಕಡಿಮೆ ಬರೆಯುತ್ತಿದ್ದರು. ಹಡಗು ಮಾಲೀಕರು ತೆರಿಗೆ ಕಡಿಮೆ ಇರುವ ಪುಟ್ಟ ಹಳ್ಳಿಗಳಲ್ಲಿ ಹಡಗುಗಳನ್ನು ನೋಂದಾಯಿಸುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ವಂಚನೆ ರೈಲ್ವೆಯದು. ಮಿಶಿಗನ್‌ನಲ್ಲಿ ರೈಲ್ವೆ ಕಂಪನಿಗಳು ತಮ್ಮ ಆಸ್ತಿಯ ಬೆಲೆಯ ಮೇಲೆ ತೆರಿಗೆ ಕೊಡುತ್ತಿರಲಿಲ್ಲ; ಗಳಿಕೆಯ ಒಂದು ಸಣ್ಣ ಪಾಲನ್ನು ರಾಜ್ಯಕ್ಕೆ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದವು. ನಗರದ ನಡುವೆ ಅವುಗಳಿಗಿದ್ದ ಬೆಲೆಬಾಳುವ ನಿಲ್ದಾಣ, ಅಂಗಳ, ಉಗ್ರಾಣಗಳಿಂದ ಡೆಟ್ರಾಯಿಟ್‌ಗೆ ಸಿಗಬೇಕಾದದ್ದು ಸಿಗುತ್ತಿರಲಿಲ್ಲ. ಇದನ್ನು ಬದಲಿಸಲು ಮೇಯರ್‌ಗೆ ಅಧಿಕಾರವಿರಲಿಲ್ಲ. ಲ್ಯಾನ್ಸಿಂಗ್‌ಗೆ ಹೋಗಿ ಕೈಮುಗಿದು ಬರಿಗೈಯಲ್ಲಿ ಮರಳಿ ಸಾಕಾಗಿದ್ದ ಪಿಂಗ್ರಿ 1896ರಲ್ಲಿ ಗವರ್ನರ್ ಹುದ್ದೆಗೆ ಸ್ಪರ್ಧಿಸಿದರು. ಅದೇ ವರ್ಷ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಿಲಿಯಂ ಮೆಕಿನ್ಲಿ ಅವರಿಗೆ ಮಿಶಿಗನ್‌ನಲ್ಲಿ ಮತ ಬೇಕಿದ್ದರಿಂದ ಪಕ್ಷದ ಧಣಿಗಳೂ ಒಪ್ಪಬೇಕಾಯಿತು. ಎಣಿಕೆಯಾದಾಗ ರಾಜ್ಯದಲ್ಲಿ ಮೆಕಿನ್ಲಿಯವರಿಗಿಂತ ಪಿಂಗ್ರಿಯವರಿಗೇ ಹೆಚ್ಚು ಮತ ಬಿದ್ದಿದ್ದವು.

ಗವರ್ನರ್ ಆದರೂ ಮೇಯರ್ ಕುರ್ಚಿ ಬಿಡಲು ಅವರು ಸಿದ್ಧರಿರಲಿಲ್ಲ. ಉಳಿದ ಅವಧಿಯನ್ನು ಮುಗಿಸಿಯೇ ಇಳಿಯುತ್ತೇನೆಂದು 1897ರ ಆರಂಭದ ಕೆಲವು ವಾರಗಳ ಕಾಲ ಎರಡೂ ಹುದ್ದೆಗಳಲ್ಲಿ ಕುಳಿತರು. ಒಬ್ಬರೇ ಎರಡನ್ನೂ ಹಿಡಿಯುವಂತಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಮೇಯರ್ ಸ್ಥಾನ ಬಿಟ್ಟರು. ಆ ತೀರ್ಪು ಸರಿಯಾದದ್ದೇ. ಅಧಿಕಾರ ಒಬ್ಬರ ಕೈಯಲ್ಲಿ ಕೂಡಬಾರದೆಂದು ಕಂಪನಿಗಳ ವಿರುದ್ಧ ವಾದಿಸುತ್ತಿದ್ದವರು ತಮ್ಮ ವಿಷಯದಲ್ಲಿ ಆ ಮಾತನ್ನು ಮರೆತಿದ್ದರು. ಅವರು ಬಿಟ್ಟ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ವಿಲಿಯಂ ಮೇಬರಿ ಆರಿಸಿಬಂದರು.

ಗವರ್ನರ್ ಆಗಿ ಕಳೆದ ನಾಲ್ಕು ವರ್ಷ ಬಹುಪಾಲು ಗೋಡೆಗೆ ತಲೆ ಚಚ್ಚಿಕೊಂಡ ವರ್ಷಗಳು. ರಾಜ್ಯ ಸೆನೆಟ್‌ನ 32 ಸದಸ್ಯರಲ್ಲಿ 19 ಮಂದಿ ಒಟ್ಟಾಗಿ ಅವರ ಮಸೂದೆಗಳನ್ನು ತಡೆಯುತ್ತಿದ್ದರು; ಅವರಿಗೆ ‘ಅಮರ ಹತ್ತೊಂಬತ್ತು ಮಂದಿ’ ಎಂಬ ಹೆಸರೇ ಬಿದ್ದಿತ್ತು. ರೈಲ್ವೆ ಆಸ್ತಿಯ ಮೇಲೆ ಬೆಲೆಗೆ ತಕ್ಕ ತೆರಿಗೆ ಹಾಕುವ ಮಸೂದೆ ಕೊನೆಗೂ 1899ರಲ್ಲಿ ಕಾನೂನಾಯಿತು, ಆದರೆ ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ರದ್ದುಮಾಡಿತು. ಡೆಟ್ರಾಯಿಟ್‌ನ ಟ್ರಾಂಗಳನ್ನು ನಗರವೇ ಕೊಳ್ಳಲು ಅವಕಾಶ ಕೊಡುವ ಇನ್ನೊಂದು ಕಾನೂನಿಗೂ ಅದೇ ಗತಿಯಾಯಿತು. ಅವರ ಮೇಲೆ ನಿಜವಾದ ಕಳಂಕ ಉಳಿದಿರುವುದು ಸೈನಿಕ ಸಾಮಗ್ರಿಯ ಹಗರಣದಲ್ಲಿ. ರಾಜ್ಯದ ಸೈನಿಕ ಮಂಡಳಿಯ ಅಧಿಕಾರಿಗಳು ಉಗ್ರಾಣದ ಸಮವಸ್ತ್ರಗಳನ್ನು ಹಳೆಯದೆಂದು ಅಗ್ಗಕ್ಕೆ ಮಾರಿದಂತೆ ಮಾಡಿ, ಅವನ್ನೇ ಹೊಸದೆಂದು ದುಬಾರಿ ಬೆಲೆಗೆ ಮರಳಿ ಕೊಂಡಿದ್ದರು. ಶಿಕ್ಷೆಗೊಳಗಾದ ತಮ್ಮ ಕಡೆಯವರಿಗೆ ಪಿಂಗ್ರಿ, ದಂಡ ಕಟ್ಟುವ ಷರತ್ತಿನ ಮೇಲೆ, ಕ್ಷಮಾದಾನ ಕೊಟ್ಟರು. ಶಾಲಾ ಮಂಡಳಿಯ ಸಭೆಗೆ ಪೊಲೀಸರನ್ನು ಕರೆತಂದ ಅದೇ ವ್ಯಕ್ತಿ ತಮ್ಮವರ ತಪ್ಪಿನೆದುರು ಮೆತ್ತಗಾದದ್ದನ್ನು ಅವರ ಅಭಿಮಾನಿಗಳೂ ಸಮರ್ಥಿಸಲು ಕಷ್ಟಪಡುತ್ತಾರೆ.

ಕಾನೂನು ಬಿದ್ದುಹೋದಾಗ ಸಂವಿಧಾನವನ್ನೇ ತಿದ್ದಬೇಕೆಂದು ಅವರು ಪಟ್ಟುಹಿಡಿದರು. ಅವರ ಅಧಿಕಾರಾವಧಿಯಲ್ಲಿಯೇ, ಮಿಶಿಗನ್ ವಿಶ್ವವಿದ್ಯಾಲಯದ ಎಂಜಿನಿಯರ್ ಮಾರ್ಟಿಮರ್ ಕೂಲಿ ರಾಜ್ಯದ ರೈಲ್ವೆಗಳ ಹಳಿ, ಸೇತುವೆ, ಎಂಜಿನು, ಕಟ್ಟಡಗಳನ್ನೆಲ್ಲ ಲೆಕ್ಕಹಾಕಿ ಬೆಲೆಕಟ್ಟುವ ದೊಡ್ಡ ಕೆಲಸವನ್ನು 1900ರಲ್ಲಿ ನಡೆಸಿದರು. ಕಂಪನಿಗಳು ಹೇಳಿದ್ದನ್ನೇ ನಂಬಬೇಕಾದ ಸ್ಥಿತಿ ಅದರಿಂದ ತಪ್ಪಿತು. ಆ ವರ್ಷದ ನವೆಂಬರ್‌ನಲ್ಲಿ ಮತದಾರರು ತಿದ್ದುಪಡಿಯನ್ನು ಅಂಗೀಕರಿಸಿದರು.

1901ರ ಜನವರಿಯಲ್ಲಿ ಅಧಿಕಾರದಿಂದಿಳಿದ ಪಿಂಗ್ರಿ ಆಫ್ರಿಕಕ್ಕೆ ಪ್ರವಾಸ ಹೋದರು. ಮರಳುವಾಗ ಲಂಡನ್‌ನಲ್ಲಿ ಹೊಟ್ಟೆಯ ಸೋಂಕಿಗೆ ತುತ್ತಾಗಿ, ದೊರೆ ಏಳನೆಯ ಎಡ್ವರ್ಡ್ ತಮ್ಮ ವೈದ್ಯರನ್ನು ಕಳುಹಿಸಿದರೂ ಫಲಿಸದೆ, ಜೂನ್ 18ರಂದು 60ನೆಯ ವಯಸ್ಸಿನಲ್ಲಿ ತೀರಿಕೊಂಡರು. 1904ರಲ್ಲಿ ಡೆಟ್ರಾಯಿಟ್‌ನ ಗ್ರ್ಯಾಂಡ್ ಸರ್ಕಸ್ ಉದ್ಯಾನದಲ್ಲಿ ನಿಲ್ಲಿಸಿದ ಅವರ ಕಂಚಿನ ಪ್ರತಿಮೆಯ ಶಾಸನ, ಬಲಿಷ್ಠ ಖಾಸಗಿ ಕಂಪನಿಗಳಿಂದ ಬರುವ ಅಪಾಯದ ಬಗ್ಗೆ ಜನರನ್ನು ಮೊದಲು ಎಚ್ಚರಿಸಿದವರು, ತೆರಿಗೆಯ ಅಸಮಾನತೆಗೆ ಮೊದಲು ಕಣ್ತೆರೆದವರು ಎಂದು ಅವರನ್ನು ಬಣ್ಣಿಸುತ್ತದೆ. 1993ರಲ್ಲಿ ಇತಿಹಾಸಕಾರರ ನಡುವೆ ನಡೆದ ಸಮೀಕ್ಷೆಯೊಂದು ಅಮೆರಿಕದ ಶ್ರೇಷ್ಠ ಮೇಯರ್‌ಗಳ ಪಟ್ಟಿಯಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಕೊಟ್ಟಿತು. ಎರಡನೆಯವರು ಅವರ ಹಳೆಯ ಎದುರಾಳಿ ಟಾಮ್ ಜಾನ್ಸನ್.

ಅವರು ಅರ್ಧಕ್ಕೆ ಬಿಟ್ಟುಹೋದ ಎರಡು ಕೆಲಸಗಳು ಆಮೇಲೆ ಮುಗಿದವು. ತಿದ್ದುಪಡಿಯ ಆಧಾರದ ಮೇಲೆ 1901ರಲ್ಲಿ ಬಂದ ರೈಲ್ವೆ ತೆರಿಗೆ ಕಾನೂನನ್ನು ಕಂಪನಿಗಳು ಪ್ರಶ್ನಿಸಿದಾಗ, 1906ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಡೆಟ್ರಾಯಿಟ್‌ನ ಟ್ರಾಂಗಳ ಮೇಲಿನ ಜಗಳ ಇನ್ನೂ ಎರಡು ದಶಕ ಎಳೆಯಿತು. 1920ರಲ್ಲಿ ಮತದಾರರು ನಗರದ ಒಡೆತನಕ್ಕೆ ಒಪ್ಪಿಗೆ ಕೊಟ್ಟರು. 1922ರ ಮೇ ತಿಂಗಳಲ್ಲಿ, ಜೇಮ್ಸ್ ಕೂಜೆನ್ಸ್ ಮೇಯರ್ ಆಗಿದ್ದಾಗ, ಡೆಟ್ರಾಯಿಟ್ ಯುನೈಟೆಡ್ ರೈಲ್ವೆಯ ನಗರದೊಳಗಿನ ಮಾರ್ಗಗಳನ್ನು ನಗರ ಕೊಂಡುಕೊಂಡು ತಾನೇ ಓಡಿಸತೊಡಗಿತು.